ಬದಲಿ ವಿಮಾನವಿರುವುದಿಲ್ಲ: ದೂರದ ಪಯಣಕ್ಕೆ ಬಿಡಿ ಟಿಕೆಟ್ ಕೊಳ್ಳುವವರು ಗಮನಿಸಬೇಕು

14 ಗಂಟೆಗಳ ನೇರ ಹಾರಾಟ ಮುಗಿಸಿ, ಅಲ್ಲಿಂದ ಬೇರೊಂದು ಸಂಸ್ಥೆಯ ವಿಮಾನ ಹಿಡಿಯಲು ನನಗೆ 5 ಗಂಟೆಗಳ ಬಿಡುವಿತ್ತು. ಅಗ್ಗವೆಂಬ ಒಂದೇ ಕಾರಣಕ್ಕೆ ಎರಡೂ ಟಿಕೆಟ್‌ಗಳನ್ನು ಪ್ರತ್ಯೇಕವಾಗಿ ಕೊಂಡಿದ್ದೆ. ಕೊನೆಗೆ ನಾನು ತಲುಪಿದ್ದು 26 ಗಂಟೆ ತಡವಾಗಿ.

ಮೊದಲ ವಿಮಾನದಲ್ಲಿ ಎಲ್ಲರೂ ಹತ್ತಿ ಕುಳಿತ ಮೇಲೆ, ಹೈಡ್ರಾಲಿಕ್ ಪಂಪೊಂದು ಕೆಟ್ಟಿದೆ ಎಂದು ಪೈಲಟ್ ತಿಳಿಸಿದರು. ಕಿಟಕಿಯಿಂದ ನೋಡಿದರೆ ರೆಕ್ಕೆಯ ಕೆಳಗೆ ಇಬ್ಬರು ಎಂಜಿನಿಯರುಗಳು ಟಾರ್ಚ್ ಹಿಡಿದು ನಿಂತಿದ್ದರು. ಒಬ್ಬರು ಏಣಿ ಹತ್ತಿ ಇಳಿಯುತ್ತಿದ್ದರು, ಮತ್ತೆ ಹತ್ತುತ್ತಿದ್ದರು. ಎರಡೂವರೆ ಗಂಟೆಯ ನಂತರ ನಮ್ಮನ್ನು ಕೆಳಗಿಳಿಸಿದರು. ಆಮೇಲೆ ಗೇಟಿನ ಫಲಕದಲ್ಲಿ ಹೊರಡುವ ವೇಳೆ 45 ನಿಮಿಷಗಳಂತೆ ಮುಂದಕ್ಕೆ ಹೋಗುತ್ತಲೇ ಇತ್ತು, ನಾವು ಪ್ರತಿ ಸಲವೂ ನಂಬುತ್ತಲೇ ಇದ್ದೆವು. ಪಂಪು ಸರಿಹೋಗುವಷ್ಟರಲ್ಲಿ ಸಿಬ್ಬಂದಿಯ ಕರ್ತವ್ಯದ ಗರಿಷ್ಠ ಅವಧಿ ಸಾಲದಾಯಿತು. ದೂರದ ಪಯಣದಲ್ಲಿ ಆ ಅವಧಿಯ ಬಹುಪಾಲು ಹಾರಾಟಕ್ಕೇ ಬೇಕಾಗುವುದರಿಂದ, ನೆಲದ ಮೇಲೆ ಕಾದ ಕೆಲವೇ ಗಂಟೆಗಳು ಇಡೀ ರಾತ್ರಿಯನ್ನು ಕೆಡಿಸಬಲ್ಲವು. ಈ ನಿಯಮ ಇರುವುದು ನಮ್ಮ ಸುರಕ್ಷತೆಗಾಗಿ. ಅದರ ಬಗ್ಗೆ ನನ್ನ ದೂರಿಲ್ಲ. ಬದಲಿ ವಿಮಾನವಿಲ್ಲವೆಂಬುದು ಮೊದಲಿನಿಂದಲೇ ಗೊತ್ತಿತ್ತೆಂದು ಕೌಂಟರಿನಲ್ಲಿದ್ದವರು ಬೆಳಗಿನ ಜಾವದಲ್ಲಿ ಒಪ್ಪಿಕೊಂಡರಲ್ಲ, ಅದನ್ನು ಮಾತ್ರ ನಾನು ಕ್ಷಮಿಸಲಾರೆ. ಮೊದಲೇ ಹೇಳಿದ್ದರೆ ಎರಡನೆಯ ಟಿಕೆಟ್ಟನ್ನು ಮರುದಿನಕ್ಕೆ ಬದಲಾಯಿಸಿಕೊಳ್ಳಲು ಸಮಯವಿತ್ತು.

ಸಣ್ಣ ವಿಮಾನಗಳು ದಿನಕ್ಕೆ ಹಲವು ಸಲ ಹಾರುವುದರಿಂದ ಒಂದು ಕೆಟ್ಟರೆ ಇನ್ನೊಂದರ ಸರದಿಯನ್ನು ಹೊಂದಿಸಬಹುದು. ದೊಡ್ಡ ವಿಮಾನಕ್ಕಾದರೋ ಇಂಥ ದೂರಕ್ಕೆ ಹೋಗಿ ಮರಳುವಷ್ಟರಲ್ಲಿ ಒಂದು ದಿನಕ್ಕಿಂತ ಹೆಚ್ಚೇ ಹಿಡಿಯುತ್ತದೆ. ಅಷ್ಟು ದುಬಾರಿ ಯಂತ್ರವನ್ನು ಸುಮ್ಮನೆ ನಿಲ್ಲಿಸಿಡಲು ಸಂಸ್ಥೆಗಳು ಹಿಂಜರಿಯುತ್ತವೆ. ಒಂದನ್ನು ಇಟ್ಟುಕೊಂಡರೂ ಅದು ಸಾಮಾನ್ಯವಾಗಿ ಅವರ ಮೂಲ ನಿಲ್ದಾಣದಲ್ಲಿರುತ್ತದೆ, ನಾವು ಸಿಕ್ಕಿಬಿದ್ದಲ್ಲಿ ಅಲ್ಲ. ಜೊತೆಗೆ ದೊಡ್ಡ ವಿಮಾನಗಳ ಕೊರತೆಯೂ ಇದೆ: ರೋಲ್ಸ್ ರಾಯ್ಸ್ ತಯಾರಿಸುವ ಟ್ರೆಂಟ್ 1000 ಎಂಜಿನ್ನಿನ ಬಾಳಿಕೆಯ ತೊಂದರೆಯಿಂದ, ದೂರಕ್ಕೆ ಹಾರುವ ಬೋಯಿಂಗ್ 787 ವಿಮಾನಗಳು ಹಲವು ಸಂಸ್ಥೆಗಳಲ್ಲಿ ತಿಂಗಳುಗಟ್ಟಲೆ ನೆಲದಲ್ಲೇ ಉಳಿದವು. 2020ರಲ್ಲಿ ಬರಬೇಕಿದ್ದ ಬೋಯಿಂಗ್‌ನ ಹೊಸ ದೊಡ್ಡ ವಿಮಾನ 777ಎಕ್ಸ್ 2025ರಲ್ಲೂ ಯಾವ ಸಂಸ್ಥೆಯ ಕೈಸೇರಲಿಲ್ಲ. ಹೀಗಾಗಿ ಇರುವ ವಿಮಾನಗಳನ್ನೇ ಬಿಡುವಿಲ್ಲದೆ ದುಡಿಸುತ್ತಾರೆ, ಮತ್ತು ನಮ್ಮನ್ನು ಒಯ್ಯಬೇಕಾದ ವಿಮಾನ ತಡವಾದರೆ ಅದೇ ವಿಮಾನದಲ್ಲಿ ಮರಳಬೇಕಾದವರೂ ಅಲ್ಲಿ ಕಾಯುತ್ತ ಕೂರಬೇಕಾಗುತ್ತದೆ.

ಎರಡನೆಯ ಸಂಸ್ಥೆಯ ಲೆಕ್ಕದಲ್ಲಿ ನಾನು ಬಾರದೆ ಹೋದ ಪ್ರಯಾಣಿಕ. ಹೋಗುವ ಟಿಕೆಟ್ ಮಾತ್ರವಲ್ಲ, ಅದರೊಂದಿಗಿದ್ದ ಮರಳುವ ಟಿಕೆಟ್ ಕೂಡ ರದ್ದಾಗಿತ್ತು. ಎರಡೂ ಹಾರಾಟಗಳು ಒಂದೇ ಬುಕಿಂಗ್‌ನಲ್ಲಿದ್ದಿದ್ದರೆ ಮುಂದಿನ ವಿಮಾನ ಹತ್ತಿಸುವ ಹೊಣೆ ಸಂಸ್ಥೆಯದಾಗುತ್ತಿತ್ತು. ದಯವಿಟ್ಟು ಹಾಗೆಯೇ ಕೊಳ್ಳಿ. ಅದು ಸಾಧ್ಯವಾಗದಿದ್ದರೆ ನಡುವೆ ಒಂದು ಪೂರ್ತಿ ದಿನ ಬಿಡಿ, ಮತ್ತು ದಿನನಿತ್ಯದ ಔಷಧಿಯನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ನನ್ನ ಮಾತ್ರೆಗಳು ಆ ರಾತ್ರಿಯೆಲ್ಲ ವಿಮಾನದ ಹೊಟ್ಟೆಯಲ್ಲಿದ್ದವು.

ಐರೋಪ್ಯ ಒಕ್ಕೂಟದಿಂದ ಹೊರಡುವ ವಿಮಾನವಾದರೆ, 3,500 ಕಿಲೋಮೀಟರಿಗೂ ಮೀರಿದ ಪಯಣದ ವಿಳಂಬಕ್ಕೆ 600 ಯೂರೊವರೆಗೆ ಪರಿಹಾರವಿದೆ. ಸಾಮಾನ್ಯ ತಾಂತ್ರಿಕ ದೋಷವನ್ನು ನೆಪವಾಗಿಸಿ ಸಂಸ್ಥೆ ನುಣುಚಿಕೊಳ್ಳುವಂತಿಲ್ಲ. ಬೇರೆಡೆಗಳಲ್ಲಿ, ಅಂತರರಾಷ್ಟ್ರೀಯ ವಿಮಾನ ಪಯಣದಲ್ಲಿ ಸಂಸ್ಥೆಯ ಹೊಣೆಯನ್ನು ಹೇಳುವ 1999ರ ಮಾಂಟ್ರಿಯಲ್ ಒಪ್ಪಂದ ಅನ್ವಯಿಸುವುದಾದರೆ, ವಿಳಂಬದಿಂದಾದ ನಷ್ಟವನ್ನು ಕೇಳಬಹುದು. ಆದರೆ ರಸೀದಿಗಳು ಕೈಯಲ್ಲಿರಬೇಕು. ನಮ್ಮ ಜೊತೆಯಲ್ಲಿದ್ದ ಹಿರಿಯರೊಬ್ಬರು ವಿಳಂಬದ ಕಾರಣವನ್ನು ಬರೆದುಕೊಡುವವರೆಗೂ ಕೌಂಟರ್ ಬಿಟ್ಟು ಕದಲಲಿಲ್ಲ. ಅವರಿಗೆ ಕೊಟ್ಟ ಮೇಲೆ ನನಗೂ ಒಂದು ಪ್ರತಿ ಸಿಕ್ಕಿತು. ನನ್ನ ಪರಿಹಾರದ ಅರ್ಜಿಗೆ ಈಗ ಅದೊಂದೇ ಆಧಾರ.