ಡೈ-ಕಟ್ ಸ್ಟಿಕರ್‌ಗೆ ಬ್ಲೀಡ್: ಚಿತ್ರದ ಅಂಚು ಬೆಳೆಸುವ ದಾರಿಗಳ ಹೋಲಿಕೆ

ಗಿರಾಕಿ ಕಳಿಸುವ ಚಿತ್ರ ಬಹುತೇಕ ಕಟ್ ಗೆರೆಗೇ ಮುಗಿದಿರುತ್ತದೆ. ಡೈ (ಸ್ಟಿಕರ್ ಕತ್ತರಿಸುವ ಅಚ್ಚು) ಅರ್ಧ ಮಿಲಿಮೀಟರ್ ಸರಿದರೂ ಬಿಳಿ ಎಳೆ ಕಾಣುತ್ತದೆ. ಸುತ್ತಲೂ 3 ಮಿ.ಮೀ. ಬ್ಲೀಡ್, ಅಂದರೆ ಕಟ್ ಗೆರೆಯಾಚೆಗೂ ಚಾಚಿದ ಚಿತ್ರದ ಪಟ್ಟಿ, ಬೇಕು; 300 ಡಿಪಿಐನಲ್ಲಿ (ಇಂಚಿಗೆ 300 ಪಿಕ್ಸೆಲ್) ಸುಮಾರು 36 ಪಿಕ್ಸೆಲ್. ಕತ್ತರಿಯಾಚೆ ಹೋಗುವ ಈ ಪಟ್ಟಿಯಲ್ಲಿ ಕಣ್ಣಿಗೆ ಬೀಳಬಹುದಾದದ್ದು ಮೊದಲ ಒಂದು ಮಿಲಿಮೀಟರ್ ಮಾತ್ರ. ಯಾವ ವಿಧಾನವನ್ನಾದರೂ ಅಳೆಯಬೇಕಾದದ್ದು ಅಲ್ಲೇ.

ಇಡೀ ಚಿತ್ರವನ್ನು ದೊಡ್ಡದು ಮಾಡುವುದು ಸುಲಭ, ಆದರೆ ನಮಗೆ ಒಪ್ಪಿಗೆಯಿಲ್ಲ. 90×50 ಮಿ.ಮೀ. ಲೇಬಲ್‌ನ ಎತ್ತರ 56 ಆಗಬೇಕಾದರೆ 112% ಹಿಗ್ಗಿಸಬೇಕು. ಮೇಲಂಚಿನಿಂದ 4 ಮಿ.ಮೀ. ಒಳಗಿದ್ದ ಅಕ್ಷರ ಆಗ ಕಟ್ ಗೆರೆಗೆ ಒಂದೂವರೆ ಮಿ.ಮೀ. ದೂರಕ್ಕೆ ಬಂದು ನಿಲ್ಲುತ್ತದೆ.

ಅಂಚಿನ ಒಂದು ಸಾಲು ಪಿಕ್ಸೆಲ್ ಆಯ್ದು, ಫೋಟೋಶಾಪ್‌ನ ಫ್ರೀ ಟ್ರಾನ್ಸ್‌ಫಾರ್ಮ್‌ನಲ್ಲಿ 36 ಪಿಕ್ಸೆಲ್‌ಗೆ ಎಳೆಯುವುದು ಒಂದೇ ಬಣ್ಣದ ಹಿನ್ನೆಲೆಗೆ ಸಾಕು. ಜೆಪೆಗ್‌ನ ಹೊರಗಿನ ಒಂದೆರಡು ಸಾಲು ಮಾಸಿರುವುದುಂಟು. ಅವನ್ನು ಅಳಿಸಿ ಒಳಗಿನ ಸಾಲಿನಿಂದಲೇ ಎಳೆಯಿರಿ. ಫೋಟೋ ಆದರೆ ಬಾರ್‌ಕೋಡ್‌ನಂಥ ಪಟ್ಟೆ ಏಳುತ್ತದೆ.

ಎಲೆ, ಮಸಾಲೆ, ಬಟ್ಟೆಯಂಥ ಫೋಟೋಗೆ ನಮ್ಮ ಮೊದಲ ಆಯ್ಕೆ ಕನ್ನಡಿ ವಿಧಾನ. 36 ಪಿಕ್ಸೆಲ್ ಪಟ್ಟಿಯನ್ನು ನಕಲಿಸಿ, ಫ್ಲಿಪ್ ಮಾಡಿ ಹೊರಗೆ ಅಂಟಿಸಬೇಕು. ಮೂಲೆಯ ತುಂಡನ್ನು ಅಡ್ಡ, ಲಂಬ ಎರಡೂ ಕಡೆಗೆ ಫ್ಲಿಪ್ ಮಾಡಬೇಕು. ಬಣ್ಣ, ಗ್ರೇನ್ (ಫೋಟೋದ ಸಣ್ಣ ಕಣಗಳು) ಎರಡೂ ಮೂಲದ್ದೇ ಆದ್ದರಿಂದ ಬೆಸುಗೆ ಕಾಣುವುದಿಲ್ಲ. ತೊಂದರೆ ಓರೆ ಗೆರೆಗಳದ್ದು: ಅಂಚು ದಾಟುವ ಹಗ್ಗ ಕಟ್ ಗೆರೆಯಲ್ಲೇ ಮಡಚಿಕೊಳ್ಳುತ್ತದೆ.

ಅಂಥಲ್ಲಿ ಫೋಟೋಶಾಪ್‌ನ ಎಐ ಸಾಧನ ಜೆನರೇಟಿವ್ ಎಕ್ಸ್‌ಪ್ಯಾಂಡ್ ಗೆಲ್ಲುತ್ತದೆ, ಹಗ್ಗವನ್ನು ಅದೇ ದಿಕ್ಕಿಗೆ ಮುಂದುವರಿಸುತ್ತದೆ. ದೊಡ್ಡ ಚಿತ್ರದಲ್ಲಿ ಹೊಸ ಭಾಗ ಮೂಲಕ್ಕಿಂತ ಮಸುಕಾಗಬಹುದು; 100% ಝೂಮ್‌ನಲ್ಲಿ ನೋಡಿಯೇ ಒಪ್ಪಿಕೊಳ್ಳಿ. ಚಿತ್ರದ ಬೇರೆ ಭಾಗ ನೋಡಿ ಖಾಲಿ ಜಾಗ ತುಂಬುವ ಕಂಟೆಂಟ್-ಅವೇರ್ ಫಿಲ್ ಇವೆರಡರ ನಡುವಿನದು. ಆಯ್ಕೆಯನ್ನು ಒಳಕ್ಕೆ 4-5 ಪಿಕ್ಸೆಲ್ ಹಾಯಿಸದಿದ್ದರೆ ಸಣ್ಣ ಗೆರೆ ಉಳಿಯುತ್ತದೆ. ಸ್ಯಾಂಪ್ಲಿಂಗ್ ಜಾಗದಿಂದ (ತುಂಬಲು ಮಾದರಿ ಎತ್ತಿಕೊಳ್ಳುವ ಜಾಗ) ಅಕ್ಷರವನ್ನು ಹೊರಗಿಡದಿದ್ದರೆ ಅಕ್ಷರದ ಚೂರುಗಳೇ ಬ್ಲೀಡ್‌ಗೆ ಬರುತ್ತವೆ.

ಆಕೃತಿಯ ಸುತ್ತ ಕತ್ತರಿಸುವ ಪಾರದರ್ಶಕ ಪಿಎನ್‌ಜಿಗೆ, ಉದಾಹರಣೆಗೆ ಆನೆಯ ಸ್ಟಿಕರ್‌ಗೆ, ಇವ್ಯಾವುದೂ ನೆಟ್ಟಗೆ ಕೂರುವುದಿಲ್ಲ. ಅರೆಪಾರದರ್ಶಕ ಅಂಚನ್ನು 1-2 ಪಿಕ್ಸೆಲ್ ತೆಗೆದುಬಿಡಿ, ಇಲ್ಲದಿದ್ದರೆ ಬಿಳಿ ಹಿನ್ನೆಲೆಯಿಂದ ಬಂದ ಮಂಕು ಬಣ್ಣವೇ ಹರಡುತ್ತದೆ. ಲೇಯರ್ ನಕಲಿಗೆ 18-20 ಪಿಕ್ಸೆಲ್ ಗಾಸಿಯನ್ ಬ್ಲರ್ ಕೊಟ್ಟು, ಅದನ್ನು ಮತ್ತೆ ನಕಲಿಸಿ ಮರ್ಜ್ ಮಾಡುವುದನ್ನು ಏಳೆಂಟು ಸಲ ಮಾಡಿದರೆ ಅಂಚಿನ ಬಣ್ಣ ಗಟ್ಟಿಯಾಗಿ ಹೊರಗೆ ಹರಡುತ್ತದೆ. ಮೂಲ ಚಿತ್ರ ಮೇಲಿರಲಿ. ಸೊಂಡಿಲಿಗೂ ಕಾಲಿಗೂ ಬೇರೆ ಬೇರೆ ಬಣ್ಣವಿದ್ದರೆ ಬ್ಲೀಡ್‌ನಲ್ಲೂ ಹಾಗೇ ಬರುತ್ತದೆ. ಇಲಸ್ಟ್ರೇಟರ್‌ನಲ್ಲಿ ಆಕೃತಿಯ ಗೆರೆಯನ್ನು ಹೊರಕ್ಕೆ ಬೆಳೆಸುವ ಆಫ್‌ಸೆಟ್ ಪಾತ್‌ಗೆ ಒಂದೇ ಬಣ್ಣ ತುಂಬಿದರೆ ಈ ಅನುಕೂಲ ಸಿಗದು.

ಅಂಚಿಗಂಟಿದ ತೆಳು ಬಾರ್ಡರ್‌ಗೆ ಮಾತ್ರ ಯಾವ ವಿಧಾನವೂ ಉಳಿಗಾಲ ಕೊಡುವುದಿಲ್ಲ. ಡೈ ಸ್ವಲ್ಪ ಸರಿದರೂ ಒಂದು ಬದಿ ದಪ್ಪ, ಇನ್ನೊಂದು ಸಣಕಲು. ಅದನ್ನು 3 ಮಿ.ಮೀ. ಒಳಕ್ಕೆ ತರಲು ಗಿರಾಕಿಯನ್ನು ಒಪ್ಪಿಸಿ. ಫೈಲ್ ಬಿಡುವ ಮುನ್ನ ಕಟ್ ಗೆರೆಯನ್ನು ನಾಲ್ಕೂ ದಿಕ್ಕಿಗೆ 1 ಮಿ.ಮೀ. ಸರಿಸಿ ನೋಡಿ, ಎಲ್ಲಿ ಕಣ್ಣು ತಡೆಯುತ್ತದೋ ಆ ಬದಿಯನ್ನು ಮಾತ್ರ ಬೇರೆ ವಿಧಾನದಿಂದ ಮತ್ತೆ ಮಾಡಿ.