ಮಗಳು ಒಂದು ವರ್ಷ ಓದಿದ ರೀಡಿಂಗ್ ರೂಮ್, ವಿಜಯಪುರ

ನಮ್ಮದು ಇಂಡಿ ಹತ್ತಿರದ ಹಳ್ಳಿ, ನಿಂಬೆ ತೋಟ. ಮಗಳು 2024ರಲ್ಲಿ ಮೊದಲ ಸಲ ನೀಟ್, ಅಂದರೆ ಡಾಕ್ಟರ್ ಓದಿಗೆ ಸೇರುವ ಪ್ರವೇಶ ಪರೀಕ್ಷೆ ಬರೆದಳು. ಆ ವರ್ಷ ಏನಾಯಿತು ಅಂತ ಎಲ್ಲರಿಗೂ ಗೊತ್ತಲ್ವಾ? ಪೇಪರ್ ಸೋರಿಕೆಯ ಗಲಾಟೆ, 67 ಮಕ್ಕಳಿಗೆ 720ಕ್ಕೆ 720, ಆಮೇಲೆ ಪರೀಕ್ಷೆಯಲ್ಲಿ ಸಮಯ ನಷ್ಟವಾಯಿತೆಂದು 1563 ಮಕ್ಕಳಿಗೆ ಕೊಟ್ಟಿದ್ದ ಗ್ರೇಸ್ ಮಾರ್ಕ್ಸ್ ವಾಪಸ್. ಜುಲೈ 23ಕ್ಕೆ ಸುಪ್ರೀಂ ಕೋರ್ಟ್ ಮರುಪರೀಕ್ಷೆ ಇಲ್ಲ ಎನ್ನುವವರೆಗೆ ಓದಬೇಕೋ ಕಾಯಬೇಕೋ ನಮಗೆ ತಿಳಿಯಲಿಲ್ಲ. ಹುಡುಗಿ ಸೊರಗಿ ಹೋದಳು.

ಇನ್ನೊಂದು ಸಲ ಬರೆಯುತ್ತೇನೆ ಎಂದಳು. ವಿಜಯಪುರದಲ್ಲಿ ನನ್ನ ತಂಗಿಯ ಮನೆಯಲ್ಲಿ ಇಟ್ಟೆವು. ಎರಡೇ ಖೋಲಿ, ಇಬ್ಬರು ಸಣ್ಣ ಮಕ್ಕಳು, ದಿನವಿಡೀ ಟಿವಿ. ಅದಕ್ಕೇ ಗೋಳಗುಮ್ಮಟದ ಕಡೆ ಒಂದು ಓಣಿಯಲ್ಲಿರುವ ಈ ರೀಡಿಂಗ್ ರೂಮಿಗೆ ಸೇರಿಸಿದೆ. ತಿಂಗಳಿಗೆ 800 ರೂಪಾಯಿ. ಬೆಳಿಗ್ಗೆ 6ರಿಂದ ರಾತ್ರಿ 10. ಪ್ರತಿಯೊಬ್ಬರಿಗೂ ಬೇರೆ ಟೇಬಲ್, ಲೈಟು. ಕರೆಂಟ್ ಹೋದರೆ ಇನ್ವರ್ಟರ್ ಇದೆ. ಹೆಣ್ಣುಮಕ್ಕಳ ಸಾಲು ಬೇರೆ. ಯಾವಳಾದರೂ ಹೇಳದೆ ಬರದಿದ್ದರೆ ನಡೆಸುವ ಅಕ್ಕಾವ್ರು ಮನೆಗೆ ಫೋನ್ ಮಾಡುತ್ತಾರೆ. ಊರಲ್ಲಿರುವ ತಂದೆಗೆ ಇದು ಎಷ್ಟು ದೊಡ್ಡ ಸಮಾಧಾನ!

ಆದರೆ ನಮಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಭಾನುವಾರದ ಟೆಸ್ಟ್. ಅಸಲಿ ಪರೀಕ್ಷೆಯ ಹಾಗೆಯೇ ಮಧ್ಯಾಹ್ನ 2ಕ್ಕೆ ಶುರು. 2025ರ ಜನವರಿಯಲ್ಲಿ ನೀಟ್ ನಿಯಮ ಬದಲಾದ ಮೇಲೆ 180 ಪ್ರಶ್ನೆ, 180 ನಿಮಿಷ, ಉತ್ತರಕ್ಕೆ ವೃತ್ತ ತುಂಬುವ ಓಎಂಆರ್ ಶೀಟು. ಸರಿಯಾದರೆ 4, ತಪ್ಪಾದರೆ ಒಂದು ಕಟ್. ಮನೆಯಲ್ಲಿ ಪಟಪಟ ಉತ್ತರ ಹೇಳುವ ನನ್ನ ಮಗಳು ಆ ಒಂದು ಮಾರ್ಕಿಗೆ ಹೆದರಿ ಮೊದಲ ಭಾನುವಾರ 50 ಪ್ರಶ್ನೆ ಮುಟ್ಟದೇ ಬಂದಳು. ಬೇಸಿಗೆ ಬರುವಷ್ಟರಲ್ಲಿ ಅದು ಹತ್ತಕ್ಕೆ ಇಳಿಯಿತು. ಆ ಹೆದರಿಕೆ ಬಿಡಿಸಿದ್ದು ಯಾವ ಪುಸ್ತಕವೂ ಅಲ್ಲ, ಬಿಸಿಲಲ್ಲಿ ಕೂತು ಬರೆದ ಆ ಟೆಸ್ಟುಗಳು.

ಎರಡು ದೂರು ಇವೆ. ಮೊದಲು ಮಾರ್ಕ್ಸಿನ ಪಟ್ಟಿಯನ್ನು ಬಾಗಿಲಿಗೆ ಅಂಟಿಸುತ್ತಿದ್ದರು. ಕೊನೆಯಲ್ಲಿ ತನ್ನ ಹೆಸರು ನೋಡಿ ಮಗಳು ಅವತ್ತು ರಾತ್ರಿ ರೊಟ್ಟಿ ಮುಟ್ಟಲಿಲ್ಲ. ನಾನೇ ಬಸ್ಸು ಹತ್ತಿ ಬಂದು ಮಾತಾಡಿದೆ. ಅಕ್ಕಾವ್ರು ಮುಂದಿನ ವಾರದಿಂದಲೇ ಪಟ್ಟಿ ನಿಲ್ಲಿಸಿ, ಚೀಟಿಯಲ್ಲಿ ಬರೆದು ಅವರವರ ಕೈಗೇ ಕೊಟ್ಟರು. ಎರಡನೆಯದು ಸರಿಹೋಗಿಲ್ಲ: ಟೆಸ್ಟ್ ಪೇಪರ್ ಇಂಗ್ಲಿಷಿನಲ್ಲಿ ಮಾತ್ರ. ನೀಟ್ ಪೇಪರನ್ನು ಕನ್ನಡದಲ್ಲೂ ಕೊಡುತ್ತಾರೆ, ಪಕ್ಕದಲ್ಲೇ ಇಂಗ್ಲಿಷೂ ಇರುತ್ತದೆ. ಅಭ್ಯಾಸಕ್ಕೆ ಮಾತ್ರ ಕನ್ನಡದ ಪೇಪರ್ ನನಗೆ ಎಲ್ಲೂ ಸಿಗಲಿಲ್ಲ. ಹತ್ತನೆಯವರೆಗೆ ದ್ಯುತಿಸಂಶ್ಲೇಷಣೆ ಎಂದು ಕಲಿತವಳು ಫೋಟೋಸಿಂಥೆಸಿಸ್ ಎಂದು ಓದಿ, ಅರ್ಥ ಹೊಂದಿಸಿಕೊಂಡು, ಆಮೇಲೆ ಉತ್ತರ ಹುಡುಕಬೇಕು. ಒಂದು ಪ್ರಶ್ನೆಗೆ ಒಂದೇ ನಿಮಿಷ ಇರುವಾಗ ಇದು ಸಣ್ಣ ಮಾತಲ್ಲ. ಎಲ್ಲರಿಗೂ ಒಂದೇ ಪೇಪರ್, ಹಾಗಾಗಿ ನ್ಯಾಯ ಎನ್ನುವವರು ಇಂಥ ಮಕ್ಕಳ ಪಕ್ಕ ಒಂದು ಭಾನುವಾರ ಕೂತು ನೋಡಲಿ.

2025ರ ಮೇ 4ರಂದು ಮತ್ತೆ ಬರೆದಳು. ಫಿಸಿಕ್ಸ್ ತುಂಬಾ ಕಷ್ಟ ಬಂದಿತ್ತು. ಎಂಬಿಬಿಎಸ್ ಆಗಲಿಲ್ಲ, ಆಯುರ್ವೇದ ಸೀಟು ಸಿಕ್ಕಿತು. ಖುಷಿಯಿಂದ ಹೋಗುತ್ತಿದ್ದಾಳೆ.

ಸೇರಿಸುವವರು ಡಿಸೆಂಬರ್ ಒಳಗೇ ಕೇಳಿ. ಪರೀಕ್ಷೆ ಹತ್ತಿರ ಬಂದರೆ ಜಾಗ ಸಿಗಲ್ಲ. ಪಶ್ಚಿಮದ ಕಿಟಕಿ ಪಕ್ಕದ ಟೇಬಲ್ ಬೇಡ ಎನ್ನಿ, ಮಾರ್ಚ್ ನಂತರ ಅಲ್ಲಿ ಮಧ್ಯಾಹ್ನ ಕೂರೋಕಾಗಲ್ಲ.