ವಿಮಾನಕ್ಕೆಂದು ಕೊಂಡ ಬಿಗಿ ಸಾಕ್ಸ್: ವರ್ಷ ದಾಟಿದ ಮೇಲೆ ನನ್ನ ಮಾತು

ಮೊದಲು ದೂರು. ಈ ಕಂಪ್ರೆಷನ್ ಸಾಕ್ಸ್ ಹಾಕಿಕೊಳ್ಳಲು ಬೆಳಗ್ಗೆ ನಾನು ಪಡುವ ಪಾಡು ನೋಡಿದರೆ ಯಾರೂ ಇದನ್ನು ಕೊಳ್ಳುವುದಿಲ್ಲ. ಬೆರಳು ಸಲೀಸಾಗಿ ಒಳಗೆ ಹೋಗುತ್ತದೆ. ಹಿಮ್ಮಡಿ ಹತ್ತಿರ ಬಂದು ನಿಂತುಬಿಡುತ್ತದೆ. ಬಗ್ಗಿದರೆ ಹೊಟ್ಟೆ ಅಡ್ಡ, ಕಾಲು ಮೇಲೆತ್ತಿದರೆ ಸೊಂಟ ಕೇಳುವುದಿಲ್ಲ. ಎಳೆದೂ ಎಳೆದೂ ಬೆರಳಿನ ತುದಿ ಕೆಂಪಾಗುತ್ತದೆ. ಒಂದು ಕಾಲು ಮುಗಿಯುವಷ್ಟರಲ್ಲಿ ಕಾಫಿ ಆರಿರುತ್ತದೆ. ಇನ್ನೊಂದು ಕಾಲು ಬಾಕಿ!

ಡಬ್ಬದ ಮೇಲೆ ಮಾತ್ರ ನಗುನಗುತ್ತಾ ಒಂದೇ ಎಳೆತಕ್ಕೆ ಹಾಕಿಕೊಳ್ಳುವ ಹೆಂಗಸಿನ ಫೋಟೋ ಇದೆ. ಆಕೆಗೆ ಹೆಚ್ಚೆಂದರೆ ಇಪ್ಪತ್ತೈದು ವಯಸ್ಸು. ಕಾಲಿನ ತೊಂದರೆ ಇರುವವರು ಅರವತ್ತು ದಾಟಿದವರು ಅಲ್ವಾ, ಅವರ ಫೋಟೋ ಯಾಕೆ ಹಾಕುವುದಿಲ್ಲವೋ ಕಾಣೆ.

ನಾನು ಬಸ್ ಕಂಡಕ್ಟರ್ ಆಗಿದ್ದವನು. ಚಿಕ್ಕಬಳ್ಳಾಪುರದಿಂದ ಬಾಗೇಪಲ್ಲಿ, ಗೌರಿಬಿದನೂರು ಕಡೆಯ ರೂಟು. ನಿಂತು ನಿಂತೇ ಸವೆದ ಕಾಲು. ಎಡ ಮೀನಖಂಡದ ಹಿಂದೆ ನೀಲಿ ನರ ಉಬ್ಬಿಕೊಂಡಿವೆ. ಆದರೆ ಕಾಲು ನಿಜವಾಗಿ ಕೈಕೊಟ್ಟದ್ದು ಕೂತಾಗ. ಮಗಳು ಕ್ಯಾಲಿಫೋರ್ನಿಯಾದಲ್ಲಿದ್ದಾಳೆ. ದುಬೈ ಮೇಲೆ ಹೋಗುವ ದಾರಿ. ದುಬೈನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹತ್ತಿರ ಹತ್ತಿರ 16 ಗಂಟೆ ಒಂದೇ ಸೀಟು. ಮೊದಲ ಸಲ ಹೋದಾಗ ಇಳಿಯುವ ಹೊತ್ತಿಗೆ ಶೂ ಕಾಲಿಗೆ ಹತ್ತಲೇ ಇಲ್ಲ. ಹಿಂಭಾಗ ತುಳಿದುಕೊಂಡೇ ಇಮಿಗ್ರೇಷನ್ ಸಾಲಿನಲ್ಲಿ ನಿಂತಿದ್ದೆ.

ವಾಪಸ್ ಬಂದ ಮೇಲೆ ಡಾಕ್ಟರ್ ವಿವರಿಸಿದರು. ಕಾಲಿಗೆ ಇಳಿದ ರಕ್ತವನ್ನು ಮೇಲೆ ತಳ್ಳುವ ಕೆಲಸ ಮೀನಖಂಡದ್ದು. ನಡೆದಾಗ ಅದು ಬಿಗಿಯಾಗುತ್ತದೆ, ಸಡಿಲವಾಗುತ್ತದೆ, ರಕ್ತ ಮೇಲೆ ಹೋಗುತ್ತದೆ. ಬಸ್ಸಿನಲ್ಲಿ ನಾನು ನಿಂತಿದ್ದರೂ ಹಿಂದೆ ಮುಂದೆ ಓಡಾಡುತ್ತಿದ್ದೆ. ವಿಮಾನದಲ್ಲಿ ಅದೂ ಇಲ್ಲ. ಮಂಡಿ ಮಡಿಚಿಕೊಂಡು ಕೂತರೆ ರಕ್ತ ಕೆಳಗೇ ನಿಲ್ಲುತ್ತದೆ, ನೀರು ಅಂಗಾಂಶಕ್ಕೆ ಇಳಿಯುತ್ತದೆ, ಪಾದ ಊದಿಕೊಳ್ಳುತ್ತದೆ. ಈ ಸಾಕ್ಸ್ ಪಾದದ ಗಂಟಿನ ಹತ್ತಿರ ಜಾಸ್ತಿ ಬಿಗಿ, ಮೇಲೆ ಹೋಗುತ್ತಾ ಸಡಿಲ. ಹೊರಗಿನಿಂದ ಅಮುಕಿ ರಕ್ತವನ್ನು ಮೇಲಕ್ಕೆ ಕಳಿಸುತ್ತದೆ. ಇಷ್ಟೇ ವಿದ್ಯೆ.

ಇದು ಬರೀ ಊತದ ಮಾತಲ್ಲ. ಮಗಳು ಕೊಕ್ರೇನ್ ಅನ್ನುವ ವೈದ್ಯಕೀಯ ಸಂಸ್ಥೆಯ ಒಂದು ವರದಿ ಕಳಿಸಿದ್ದಳು. ಗಂಟೆಗಟ್ಟಲೆ ವಿಮಾನದಲ್ಲಿ ಕೂತವರ ಕಾಲಿನಲ್ಲಿ ಸದ್ದಿಲ್ಲದೆ ರಕ್ತ ಹೆಪ್ಪುಗಟ್ಟುವುದು, ಈ ಸಾಕ್ಸ್ ಹಾಕಿದವರಲ್ಲಿ ತುಂಬಾ ಕಡಿಮೆಯಂತೆ. ಅದನ್ನು ಓದಿದ ಮೇಲೆ ದುಡ್ಡು ಬಿಚ್ಚಿದೆ. ಪಿಂಚಣಿಯವನಿಗೆ ಒಂದು ಜೊತೆ ಸಾಕ್ಸಿಗೆ ಸಾವಿರದ ಮೇಲೆ ಕೊಡುವುದು ಸುಮ್ನೆ ಆಗುವ ಕೆಲಸವಲ್ಲ.

ಕೊಳ್ಳುವಾಗ ನೋಡಿಕೊಳ್ಳಿ. ಒಂದು ಅಂಗಡಿಯಲ್ಲಿ ಬನಿಯನ್ ಕೊಟ್ಟ ಹಾಗೆ ಮೀಡಿಯಮ್ಮಾ, ಲಾರ್ಜಾ ಅಂತ ಕೇಳಿ ಕೊಡಲು ಬಂದರು. ಬೇಡ ಅಂದೆ. ಪಾದದ ಗಂಟಿನ ಮೇಲೆ ಸಣ್ಣಗಿರುವ ಕಡೆ, ಮೀನಖಂಡ ದಪ್ಪಗಿರುವ ಕಡೆ, ಎರಡೂ ಟೇಪಿನಲ್ಲಿ ಅಳೆಯಬೇಕು. ಅದೂ ಬೆಳಗ್ಗೆ, ಊತ ಏರುವ ಮೊದಲು. ಆಸ್ಪತ್ರೆಯಲ್ಲಿ ಮಲಗಿದವರಿಗೆ ಹಾಕುವ ಬಿಳಿ ಸಾಕ್ಸ್ ಬೇರೆ, ಓಡಾಡುವವರದ್ದು ಬೇರೆ. ಪ್ರಯಾಣಕ್ಕೆ 15–20 ಅಂತ ಬರೆದದ್ದು ಸಾಕು. ಬಿಪಿಯನ್ನು ಅಳೆಯುವ ಲೆಕ್ಕವೇ ಇದಕ್ಕೂ. ಅದಕ್ಕಿಂತ ಬಿಗಿಯಾದದ್ದು ಡಾಕ್ಟರ್ ಬರೆದುಕೊಟ್ಟರೆ ಮಾತ್ರ.

ನನ್ನ ಹೆಂಡತಿಗೆ ಶುಗರ್ ಇದೆ. ಅವಳಿಗೂ ಒಂದು ಜೊತೆ ಅಂದಾಗ ಡಾಕ್ಟರ್ ತಡೆದರು. ಕೈಯಲ್ಲಿ ಬಿಪಿ ನೋಡಿದ ಹಾಗೆ ಕಾಲಲ್ಲೂ ನೋಡಿ, ಪಾದಕ್ಕೆ ರಕ್ತ ಚೆನ್ನಾಗಿ ಇಳಿಯುತ್ತಿದೆ ಅಂತ ಖಾತ್ರಿಯಾದ ಮೇಲೆ ಒಪ್ಪಿದರು. ರಕ್ತನಾಳ ಕಟ್ಟಿದ ಕಾಲಿಗೆ ಇದನ್ನು ಹಾಕಿದರೆ ಕೆಡುಕೇ ಜಾಸ್ತಿ. ಶುಗರ್ ಇದ್ದವರು ಈ ಒಂದು ಮಾತು ಮರೆಯಬೇಡಿ.

ಹಾಕಿಕೊಳ್ಳುವ ಕಷ್ಟಕ್ಕೆ ಮದ್ದು ಸಿಕ್ಕಿದ್ದು ಅಡುಗೆಮನೆಯಲ್ಲಿ. ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿಕೊಂಡರೆ ಬಟ್ಟೆ ಜಾರುವುದಿಲ್ಲ, ಅಂಗೈಯಿಂದಲೇ ಮೇಲಕ್ಕೆ ಸವರಬಹುದು. ಸಾಕ್ಸನ್ನು ಹಿಮ್ಮಡಿವರೆಗೆ ಒಳಮಗ್ಗುಲು ಹೊರಗೆ ಮಾಡಿ, ಮೊದಲು ಪಾದ ಕೂರಿಸಿ, ಆಮೇಲೆ ಉಳಿದದ್ದನ್ನು ಬಿಡಿಸುತ್ತಾ ಹೋಗಬೇಕು. ಬೆರಳು ತೆರೆದಿರುವ ಮಾದರಿ ಆದರೆ ಇನ್ನೊಂದು ಉಪಾಯವಿದೆ. ಪಾದಕ್ಕೆ ತೆಳ್ಳನೆ ಪ್ಲಾಸ್ಟಿಕ್ ಕವರ್ ಹಾಕಿ, ಅದರ ಮೇಲೆ ಸಾಕ್ಸ್ ಎಳೆದು, ಕೊನೆಗೆ ಬೆರಳಿನ ಕಡೆಯಿಂದ ಕವರನ್ನು ಸುರ್ ಅಂತ ಹೊರಗೆ ಎಳೆದುಬಿಡುವುದು. ಕವರ್ ನಿಷೇಧ ಆಗಿ ವರ್ಷಗಳಾದರೂ ನಮ್ಮ ಮನೆಯ ಬೀರು ಹಿಂದೆ ಹಳೇ ಸ್ಟಾಕ್ ಇದೆ. "ರೀ, ಬೆಳಬೆಳಗ್ಗೆ ಕಾಲಿಗೆ ಕವರ್ ಕಟ್ಕೊಂಡು ಏನ್ ಮಾಡ್ತಿದ್ದೀರಿ?" ಅಂತ ಹೆಂಡತಿ ನಗುತ್ತಿದ್ದಳು. ಈಗ ಅವಳೂ ಅದನ್ನೇ ಮಾಡುತ್ತಾಳೆ.

ವಿಮಾನದ ವಿಷಯದಲ್ಲಿ ದೂರಿಲ್ಲ. ದೇವನಹಳ್ಳಿ ನಮಗೆ ಹತ್ತಿರ, ಹಾಗಾಗಿ ಮನೆಯಲ್ಲೇ ಹಾಕಿಕೊಂಡು ಹೊರಡುತ್ತೇವೆ. ಟರ್ಮಿನಲ್ 2ರಲ್ಲಿ ಬಿದಿರು, ಗಿಡ ಎಲ್ಲ ಚೆನ್ನಾಗಿದೆ, ಗೇಟಿನವರೆಗೆ ನಡಿಗೆ ಉದ್ದ. ಆ ನಡಿಗೆಯೂ ಕಾಲಿಗೆ ಒಳ್ಳೆಯದೇ. ಓಡಾಡುವ ದಾರಿಯ ಪಕ್ಕದ ಸೀಟು ಕೇಳಿ ತಗೊಳ್ಳುತ್ತೇನೆ. ಕಾಲು ಚಾಚುವ ಜಾಗದಲ್ಲಿ ಬ್ಯಾಗ್ ಇಡುವುದಿಲ್ಲ. ಹಿಮ್ಮಡಿ ಎತ್ತುವುದು ಇಳಿಸುವುದು, ಪಾದ ಸುತ್ತಿಸುವುದು, ಎಚ್ಚರವಿದ್ದಾಗೆಲ್ಲ ಮಾಡುತ್ತೇನೆ. ನಮ್ಮ ನಂದಿಬೆಟ್ಟ 1,478 ಮೀಟರ್ ಎತ್ತರ. ವಿಮಾನದೊಳಗಿನ ಗಾಳಿ ಅದಕ್ಕಿಂತ ಎತ್ತರದ, 6,000ದಿಂದ 8,000 ಅಡಿ ಬೆಟ್ಟದ ಮೇಲಿನಷ್ಟು ತೆಳು. ತೇವವೂ ತೀರಾ ಕಡಿಮೆ. ಹಾಗಾಗಿ ಚರ್ಮ, ಗಂಟಲು ಎರಡೂ ಒಣಗುತ್ತವೆ. ನೀರು ಕುಡಿದರೆ ಬಾತ್‌ರೂಮಿಗೆ ಏಳಬೇಕಾಗುತ್ತದೆ, ಅದೂ ಲಾಭವೇ. ಅಲ್ಲಿಗೆ ಬರೀ ಸಾಕ್ಸಿನಲ್ಲಿ ಮಾತ್ರ ಹೋಗಬೇಡಿ. ನೆಲ ಒದ್ದೆ ಇರುತ್ತದೆ, ಜಾರುತ್ತದೆ. ನಾನು ಹವಾಯಿ ಚಪ್ಪಲಿ ಇಟ್ಟುಕೊಂಡಿರುತ್ತೇನೆ.

ಇಳಿಯುವಾಗ ಶೂ ಹತ್ತಿತು, ಲೇಸ್ ಕಟ್ಟಲೂ ಜಾಗವಿತ್ತು. ಅಲ್ಲಿಗೆ ನನ್ನ ಸಿಟ್ಟು ಅರ್ಧ ಇಳಿಯಿತು. ಅಂದ ಹಾಗೆ, ಎರಡೂ ಕಾಲು ಸಮನಾಗಿ ಊದಿದರೆ ಸಾಮಾನ್ಯವಾಗಿ ನಡೆದಾಡಿದ ಮೇಲೆ ಇಳಿಯುತ್ತದೆ. ಒಂದೇ ಕಾಲು ಊದಿ, ನೋವು, ಬಿಸಿ, ಕೆಂಪು ಕಂಡರೆ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು. ಉಸಿರು ಕಟ್ಟಿದರಂತೂ ಆ ಕ್ಷಣವೇ.

ಉಳಿದರ್ಧ ಸಿಟ್ಟು ಇಳಿದದ್ದು ಮನೆಯಲ್ಲಿ, ಅದೂ ನಾನು ಎಣಿಸದ ದಾರಿಯಲ್ಲಿ. ನನ್ನ ಒಡೆದ ಹಿಮ್ಮಡಿ ಸಾಕ್ಸಿನ ಎಳೆಯನ್ನು ಕಿತ್ತು ಹಾಕುತ್ತಿತ್ತು. ಸಾವಿರ ರೂಪಾಯಿ ಮಾಲು ಹಾಳಾಗುತ್ತದಲ್ಲ ಅಂತ ಹಿಮ್ಮಡಿಯ ಆರೈಕೆ ಶುರು ಮಾಡಿದೆ. ಕಾಲಿನ ಮೇಲಿನ ಪ್ರೀತಿಗಲ್ಲ, ಸಾಕ್ಸಿನ ಮೇಲಿನ ಪ್ರೀತಿಗೆ! ಈಗ ರಾತ್ರಿ ಟಿವಿ ಮುಂದೆ ಬಕೆಟ್ಟಿನಲ್ಲಿ ಉಗುರುಬೆಚ್ಚನೆ ನೀರು. ಹೆಂಡತಿಯ ಧಾರಾವಾಹಿಯ ಮೊದಲ ಜಾಹೀರಾತು ಬರುವಷ್ಟರಲ್ಲಿ ಕಾಲು ಹೊರಗೆ. ಜಾಸ್ತಿ ನೆನೆದರೆ ಚರ್ಮ ಇನ್ನೂ ಒಣಗುತ್ತದೆ. ಹಳೇ ಟವಲಿನಲ್ಲಿ ಒತ್ತಿ ಒರೆಸುವುದು, ಬೆರಳ ಸಂದಿಯನ್ನು ಇನ್ನೊಂದು ಸಲ. ಆಮೇಲೆ 10 ಪರ್ಸೆಂಟ್ ಯೂರಿಯಾ ಇರುವ ಕ್ರೀಮು, ಸಂದಿ ಬಿಟ್ಟು ಉಳಿದ ಕಡೆ. ಹಿಮ್ಮಡಿಗೆ ಮೇಲಿಂದ ಒಂದು ಬೆರಳು ಹರಳೆಣ್ಣೆ. ಇದನ್ನು ಡಾಕ್ಟರ್ ಹೇಳಿಲ್ಲ, ನಮ್ಮಮ್ಮ ಹಚ್ಚುತ್ತಿದ್ದರು. ಬೆಳಗ್ಗೆ ಮಾತ್ರ ಎಣ್ಣೆ ತಾಗಿಸುವುದಿಲ್ಲ, ಎಲಾಸ್ಟಿಕ್ ಹಾಳಾಗುತ್ತದೆ. ಉಗುರನ್ನು ಮೂಲೆ ಕೊರೆಯದೆ ನೇರಕ್ಕೆ ಕತ್ತರಿಸುತ್ತೇನೆ. ಹೆಂಡತಿಯ ಅಂಗಾಲನ್ನು ನಾನು ನೋಡುತ್ತೇನೆ, ಗಾಯವಾದರೂ ಅವಳಿಗೆ ಗೊತ್ತಾಗುವುದಿಲ್ಲ. ಹಾಗೆ ನೋಡುತ್ತಾ ತಿಳಿದದ್ದು, ವಯಸ್ಸಾದರೆ ಪಾದ ಉದ್ದ, ಅಗಲ ಎರಡೂ ಆಗುತ್ತದೆ. ನನ್ನದು 7ರಿಂದ 8ಕ್ಕೆ ಬಂದಿದೆ. ಶೂ ಕೊಳ್ಳಲು ಈಗ ಸಂಜೆಯೇ ಹೋಗುತ್ತೇನೆ.

ಹೀಗೆ ನಾನೂ ಸಾಕ್ಸೂ ಹೊಂದಿಕೊಂಡಿದ್ದೆವು. ಕೆಲವು ತಿಂಗಳಾದ ಮೇಲೆ ಒಂದು ದಿನ ಗ್ಲೌಸಿಲ್ಲದೆ, ಕವರಿಲ್ಲದೆ, ಡಬ್ಬದ ಹೆಂಗಸಿನ ಹಾಗೆಯೇ ಒಂದೇ ಎಳೆತಕ್ಕೆ ಮೇಲೆ ಬಂತು. ಅಭ್ಯಾಸವಾಯಿತು ಅಂತ ಖುಷಿಪಟ್ಟೆ. ಸಂಜೆ ನೋಡಿದರೆ ಪಾದದ ಗಂಟು ಮತ್ತೆ ಊತದಲ್ಲಿ ಮುಚ್ಚಿಹೋಗಿದೆ. ಎಲಾಸ್ಟಿಕ್ ಸತ್ತಿತ್ತು. ದಿನಾ ಹಾಕಿದರೆ ಇದರ ಆಯಸ್ಸು ಮೂರರಿಂದ ಆರು ತಿಂಗಳು. ತಣ್ಣೀರಲ್ಲಿ ಕೈಯಲ್ಲೇ ಒಗೆದು, ಹಿಂಡದೆ ನೆರಳಲ್ಲಿ ಒಣಗಿಸಿದರೂ ಅಷ್ಟೇ. ವರ್ಷಕ್ಕೆ ಎಷ್ಟಾಯಿತು ಅಂತ ನೀವೇ ಲೆಕ್ಕ ಹಾಕಿ. ಇದನ್ನು ಡಬ್ಬದ ಮೇಲೆ ದೊಡ್ಡದಾಗಿ ಬರೆಯಬೇಕಿತ್ತು.

ಹೊಸದು ತಂದಿದ್ದೇನೆ, ಬೆಳಗಿನ ಕುಸ್ತಿ ಮತ್ತೆ ಶುರುವಾಗಿದೆ. ಈ ಸಲ ಎರಡು ಜೊತೆ. ಒಂದು ಮನೆಗೆ, ಇನ್ನೊಂದನ್ನು ಸೂಟ್‌ಕೇಸಿನಲ್ಲಿ ವಿಮಾನಕ್ಕಂತಲೇ ಎತ್ತಿಟ್ಟಿದ್ದೇನೆ. ಏಪ್ರಿಲ್ ಬಿಸಿಲಲ್ಲಿ ಮಧ್ಯಾಹ್ನ ಬಿಚ್ಚಿಡುತ್ತೇನೆ, ಬೆವರು ತಡೆಯಲಾಗುವುದಿಲ್ಲ. ಬಣ್ಣ ಕಪ್ಪು ತಗೊಂಡೆ. ಮೊದಲಿನದು ಚರ್ಮದ ಬಣ್ಣದ್ದು. ಪಂಚೆ ಕೆಳಗೆ ಅದನ್ನು ನೋಡಿದವರೆಲ್ಲ ಬ್ಯಾಂಡೇಜ್ ಅಂದುಕೊಂಡು, ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಕಾಲಿಗೇನಾಯ್ತು ಅಂತ ಕೇಳುತ್ತಿದ್ದರು.